ಕಿವಿ ಮುಚ್ಚಿಕೊಳ್ಳುವ ಮಗುವಿಗೆ ತರಗತಿಯಲ್ಲಿ ಏನು ಮಾಡಬಹುದು

ಅಂಕೋಲೆ ಕಡೆಯ ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಅಕ್ಕೋರು. ಮಳೆಗಾಲದಲ್ಲಿ ನಮ್ಮ ಕೋಣೆಯ ಸದ್ದು ಕೇಳಬೇಕು. ಜಗಲಿಯ ತಗಡಿನ ಮೇಲೆ ಮಳೆ, ಹೆದ್ದಾರಿಯಲ್ಲಿ ಲಾರಿ ಹಾರ್ನ್, ಒಳಗೆ ಮೂರು ಇಯತ್ತೆಯ ಮಕ್ಕಳು ಒಟ್ಟಿಗೆ. ನಮಗೆ ಅಭ್ಯಾಸವಾಗಿದೆ. ಕೆಲವು ಮಕ್ಕಳಿಗೆ ಆಗುವುದಿಲ್ಲ. ಸದ್ದು, ಬೆಳಕು, ವಾಸನೆ, ಮುಟ್ಟುವುದು ಎಲ್ಲವೂ ಅವರಿಗೆ ಜಾಸ್ತಿಯಾಗಿ ಬರುತ್ತದೆ. ಇನ್ನು ಕೆಲವರಿಗೆ ಕಡಿಮೆ ಬರುತ್ತದೆ, ಹಾಗಾಗಿ ಅವರು ಸುಮ್ನೆ ಕೂರುವುದೇ ಇಲ್ಲ.

ಮೊದಲು ಹಠ ಅನ್ನುವುದನ್ನು ಬಿಡಿ. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಮಗು ಯಾವಾಗ ಅತ್ತಿತು, ಅದಕ್ಕಿಂತ ಸ್ವಲ್ಪ ಮುಂಚೆ ಏನಾಗಿತ್ತು. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ನಮ್ಮಲ್ಲಿ ಗಂಟೆ ಎಂದರೆ ನೇತುಹಾಕಿದ ರೈಲು ಕಂಬಿಯ ತುಂಡು. ಒಬ್ಬ ಹುಡುಗ ಪ್ರತಿ ಸಲ ಬೆಚ್ಚಿ ಬೆಂಚಿನಡಿ ಸೇರುತ್ತಿದ್ದ. ಗಂಟೆಗೆ ಮುಂಚೆ ಅವನಿಗೆ ಹೇಳತೊಡಗಿದೆ. ಆಮೇಲೆ ಸುತ್ತಿಗೆ ಅವನ ಕೈಗೇ ಕೊಟ್ಟೆ. ತಾನೇ ಹೊಡೆಯುವ ಸದ್ದಿಗೆ ಅಷ್ಟು ಹೆದರಿಕೆ ಇರುವುದಿಲ್ಲ, ಅಲ್ವಾ? ಈಗ ಊಟದ ಗಂಟೆ ಅವನದೇ, ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಕಿವಿ ಮುಚ್ಚಿಕೊಂಡ ಮಗುವಿನ ಕೈ ಎಳೆದು ತೆಗೆಯಬೇಡಿ. ರಸ್ತೆ ಕಡೆಯ ಕಿಟಕಿಯಿಂದ ದೂರ, ಗೋಡೆಗೆ ಬೆನ್ನು ಬರುವ ಹಾಗೆ ಕೂರಿಸಿ. ಹಿಂದಿನಿಂದ ಯಾರೂ ತಾಗುವುದಿಲ್ಲ.

ಕೂತಲ್ಲಿ ಕೂರದ ಮಕ್ಕಳಿಗೆ ಬರವಣಿಗೆಗೆ ಮುಂಚೆ ಮೈಗೆ ಕೆಲಸ ಕೊಡಿ. ಪುಸ್ತಕದ ಕಟ್ಟು ಹೊರುವುದು, ಬೆಂಚು ತಳ್ಳುವುದು, ಎರಡೂ ಅಂಗೈ ಊರಿ ಗೋಡೆ ನೂಕುವುದು. ಸ್ನಾಯು, ಕೀಲುಗಳಿಗೆ ಭಾರ ಬಿದ್ದರೆ ಎಷ್ಟೋ ಮಕ್ಕಳು ತಣ್ಣಗಾಗುತ್ತಾರೆ. ಎಲ್ಲರಿಗೂ ಇದು ಹಿಡಿಸುವುದಿಲ್ಲ, ನೋಡಿ ಮಾಡಿ. ಇಂದ್ರಿಯಗಳಿಂದ ಬಂದದ್ದನ್ನು ಮಿದುಳು ಹೇಗೆ ಹೊಂದಿಸಿಕೊಳ್ಳುತ್ತದೆ ಎಂದು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ) ಜೀನ್ ಏರ್ಸ್ 1972ರಲ್ಲೇ ಪುಸ್ತಕ ಬರೆದಿದ್ದರು. ನಮ್ಮಲ್ಲಿ ಇನ್ನೂ ಗಲಾಟೆ ಮಾಡಿದವರ ಆಟದ ಪೀರಿಯಡ್ಡನ್ನೇ ಕಿತ್ತುಕೊಳ್ಳುತ್ತಾರೆ. ಓಡಾಟ ಬೇಕಾದ ಮಗುವಿಗೆ ಅದೊಂದನ್ನು ಮಾತ್ರ ಮಾಡಬಾರದು.

ಹೊಸ ಯೂನಿಫಾರ್ಮಿನ ಗಂಜಿ, ಕುತ್ತಿಗೆ ಹಿಂದಿನ ಲೇಬಲ್ ಕೂಡ ಮಗುವನ್ನು ದಿನವಿಡೀ ಕಾಡಬಹುದು. ನಾಲ್ಕು ಸಲ ಒಗೆದು, ಲೇಬಲ್ ಬಿಚ್ಚಿ ಕಳಿಸಿ ಎಂದು ಅಮ್ಮನಿಗೆ ಹೇಳಿ. ಮಣ್ಣು ಮುಟ್ಟದ ಮಗುವಿಗೆ ಕಡ್ಡಿ ಕೊಡಿ, ಹೊಯ್ಗೆಯಲ್ಲಿ ಅಕ್ಷರ ತಿದ್ದಲಿ.

ಬಿಸಿಯೂಟದಲ್ಲಿ ಅನ್ನ, ಸಾಂಬಾರು ಬೇರೆ ಬೇರೆ ಬಡಿಸಿದರೆ ಉಣ್ಣುವವರಿದ್ದಾರೆ. ತಟ್ಟೆಗಳ ಸದ್ದು, ಮೊಟ್ಟೆ ವಾಸನೆ ಆಗದವರನ್ನು ಜಗಲಿಯ ತುದಿಗೆ ಕೂರಿಸಿ. ಅಡುಗೆಯ ಅಕ್ಕನಿಗೆ ಮೊದಲೇ ಹೇಳಿಡಿ.

ಬೀರುವಿನ ಹಿಂದೆ ಒಂದು ಚಾಪೆ ಹಾಕಿಡಿ. ಸಾಕೆನಿಸಿದಾಗ ಮಗು ತಾನೇ ಅಲ್ಲಿಗೆ ಹೋಗಲಿ, ತಾನೇ ಬರಲಿ. ಶಿಕ್ಷೆಗೆ ಮಾತ್ರ ಆ ಜಾಗ ಬಳಸಬೇಡಿ.

ಇಷ್ಟಾದರೂ ಕಷ್ಟ ಉಳಿದರೆ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿಯೇ ಇರುವ ತಾಲೂಕಿನ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿ. ಸದ್ದಿಗೆ ಹೆದರುವ ಎಲ್ಲ ಮಕ್ಕಳಿಗೂ ಆಟಿಸಂ ಇರುವುದಿಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು, ನಾವಲ್ಲ. ನೋಟ್‌ಬುಕ್ಕನ್ನು ಮಾತ್ರ ಅಪ್ಪ-ಅಮ್ಮನ ಕೈಯಲ್ಲಿ ಕೊಟ್ಟು ಕಳಿಸಿ, ಅಲ್ಲಿ ಉಪಯೋಗಕ್ಕೆ ಬರುತ್ತದೆ.