ಗೋರಿಗೆ ಹೂವಲ್ಲ, ಕಲ್ಲು

ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುವ ಯಹೂದಿ ಅಜ್ಜಿಗೆ 91 ವರ್ಷ. ಅವರ ಗಂಡನ ಗೋರಿ ಹರ್ ಹಮೆನುಹೋತ್ ಗುಡ್ಡದ ಸ್ಮಶಾನದಲ್ಲಿದೆ. ಮೊದಲ ಸಲ ಮಂಗಳೂರಿನ ಅಭ್ಯಾಸದಲ್ಲಿ ಸೇವಂತಿಗೆ ಹಿಡಿದು ಹೊರಟಿದ್ದೆ. "ಅದು ಅಡುಗೆಮನೆಯಲ್ಲಿರಲಿ, ಕಲ್ಲು ಹುಡುಕು" ಅಂದರು ಅಜ್ಜಿ. ಈ ಕೆಲಸಕ್ಕೆ ಬರುವ ನಮ್ಮೂರಿನವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ತೀರಿಕೊಂಡವರ ವರ್ಷದ ದಿನವನ್ನು ಹೀಬ್ರೂ ಪಂಚಾಂಗ ನೋಡಿಯೇ ಗುರುತು ಹಾಕಿಕೊಳ್ಳಿ. ನಮ್ಮ ತಿಥಿಯ ಹಾಗೆ ತಾರೀಕು ಪ್ರತಿ ವರ್ಷ ಬದಲಾಗುತ್ತದೆ. ಶಬ್ಬಾತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗಿನ ಅವರ ವಿಶ್ರಾಂತಿ ದಿನ, ಗೋರಿಗೆ ಹೋಗುವಂತಿಲ್ಲ.

ಕಲ್ಲು ನೆಲ್ಲಿಕಾಯಿಯಷ್ಟಿದ್ದರೆ ಸಾಕು. ಅಡಿ ಚಪ್ಪಟೆಯಿರಲಿ, ಉರುಳುವುದಿಲ್ಲ. ನಾನು ಮನೆ ಕೆಳಗಿನ ದಾಳಿಂಬೆ ಗಿಡದ ಬುಡದಿಂದ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಪಕ್ಕದ ಗೋರಿಯ ಮೇಲಿನದನ್ನು ಮಾತ್ರ ಎತ್ತಬೇಡಿ ಮಾರಾಯ್ರೆ, ಅದು ಯಾರೋ ಬಂದುಹೋದ ಗುರುತು. ಎಡಗೈಯಲ್ಲಿ ಇಡುವ ವಾಡಿಕೆಯಿದೆ. ನಮಗೆ ಮುಜುಗರ, ಅವರಿಗಿಲ್ಲ. ಕೆತ್ತಿದ ಅಕ್ಷರ ಮುಚ್ಚದಂತೆ ಅಂಚಿನಲ್ಲಿಡಿ.

ಕಲ್ಲಿಡುವುದಕ್ಕೆ ಕಾರಣ ಒಂದೇ ಅಲ್ಲ. ಹಿಂದೆ ಕಲ್ಲುಗುಪ್ಪೆಯೇ ಸಮಾಧಿಯಾಗಿತ್ತು, ಬಂದವರು ಒಂದೊಂದು ಸೇರಿಸಿ ಕಾಪಾಡುತ್ತಿದ್ದರು ಅನ್ನುತ್ತಾರೆ. ಅಜ್ಜಿಗೆ ಇಷ್ಟವಾದದ್ದು ಬೇರೆ: ಹೀಬ್ರೂವಿನ 'ತ್ಸ್ರೋರ್' ಅಂದರೆ ಚಿಕ್ಕ ಕಲ್ಲೂ ಹೌದು, ಗಂಟೂ ಹೌದು. ಸತ್ತವರ ಆತ್ಮ 'ಜೀವದ ಗಂಟಿನಲ್ಲಿ' ಸೇರಲಿ ಎಂಬ ಹಾರೈಕೆಯ ಐದು ಅಕ್ಷರ ಹೆಚ್ಚಿನ ಗೋರಿಗಳ ಮೇಲೆ ಕಾಣುತ್ತವೆ.

ಸ್ಮಶಾನದಿಂದ ಹೊರಡುವಾಗ ಕೈ ತೊಳೆಯಬೇಕು, ಬಾಗಿಲ ಬಳಿ ನಲ್ಲಿಯಿದೆ. ಕೈ ಒರೆಸಲು ಅಜ್ಜಿ ಬಿಡುವುದಿಲ್ಲ, ತಾನೇ ಒಣಗಬೇಕಂತೆ.

ಕಳೆದ ಸಲ ಅಲ್ಲಿ ನಾವಿಡದ ಒಂದು ಕೆಂಪು ಕಲ್ಲಿತ್ತು. ಯಾರದೆಂದು ಅಜ್ಜಿ ಬಸ್ಸಿನಲ್ಲಿ ಮನೆತನಕ ಹೆಸರು ಎಣಿಸುತ್ತಲೇ ಇದ್ದರು.