ಗುಜರಿಲಿ ಸಿಕ್ಕ ಹೊಲಿಗೆ ಮಷಿನ್ ಮೋಟ್ರು

ಮೈಸೂರಲ್ಲಿ ನಮ್ಮನೆ ಹತ್ರ ಇರೋ ಗುಜರಿ ಅಂಗಡಿಗೆ ಹಳೇ ಪೇಪರ್ ಹಾಕೋಕೆ ಹೋಗಿದ್ದೆ, ತಕ್ಕಡಿ ಪಕ್ಕದಲ್ಲಿ ಒಡೆದ ಮಿಕ್ಸಿಗಳ ರಾಶಿ, ಅದರೊಳಗೆ ಕಪ್ಪಗೆ ಒಂದು ಕೈಲಿ ಹಿಡಿಸೋ ಅಷ್ಟು ಪುಟ್ಟ ಮೋಟ್ರು. ಬೆರಳಲ್ಲಿ ಒರೆಸಿದ್ರೆ ಸಿಂಗರ್ ಅಂತ ಕಾಣಿಸ್ತು. ಅದರ ಜೊತೆಗೇ ಕಾಲಲ್ಲಿ ಒತ್ತೋ ಪೆಡಲ್ಲೂ ಇತ್ತು. ಅಂಗಡಿಯವ್ರು ತಾಮ್ರಕ್ಕೆ ಅಂತ ಎತ್ತಿಟ್ಟಿದ್ದಂತೆ, ಸಂಜೆ ಒಡೆಯೋರಿದ್ರು. ಇಂಥ ಮೋಟ್ರುಗಳು ಈಗ ಸಿಗೋದು ಕಡಿಮೆ ಆಗಿರೋದಕ್ಕೆ ಇದೂ ಒಂದು ಕಾರಣ ಇರ್ಬೇಕು ನೋಡಿ, ಗುಜರಿಲಿ ತಾಮ್ರಕ್ಕೆ ಅಂತ ಒಡೆದುಬಿಡ್ತಾರೆ.

"ಓಡುತ್ತೆ ಸಾರ್, ಇಲ್ಲೇ ಪ್ಲಗ್ಗಿಗೆ ಹಾಕಿ ತೋರಿಸ್ಲಾ?" ಅಂದ್ರು. "ಬೇಡ ಬೇಡ, ಹಂಗೇ ಕೊಡಿ ಅಣ್ಣಾ" ಅಂದು ತಗೊಂಡು ಬಂದೆ. ಬೇಡ ಅಂದಿದ್ದೇ ಒಳ್ಳೇದಾಯ್ತು. ಮನೇಲಿ ಪ್ಲೇಟ್ ಪೂರ್ತಿ ಒರೆಸಿ ಓದಿದ್ರೆ 110 ವೋಲ್ಟ್! ಅಲ್ಲೇ 230ಕ್ಕೆ ಹಾಕಿದ್ರೆ ಎರಡೇ ನಿಮಿಷದಲ್ಲಿ ಹೊಗೆ ಬಂದು ನಿಜವಾಗ್ಲೂ ತಾಮ್ರದ ರಾಶಿ ಸೇರ್ತಿತ್ತು. ಎಸಿ ಡಿಸಿ ಎರಡಕ್ಕೂ ನಡೆಯುತ್ತೆ ಅಂತಲೂ ಬರೆದಿತ್ತು, ಇವು ಯೂನಿವರ್ಸಲ್ ಮೋಟ್ರು, ಅಲ್ಲಾಡದೆ ಇರೋ ಫೀಲ್ಡ್ ಕಾಯಿಲ್ಲೂ ಒಳಗೆ ತಿರುಗೋ ಆರ್ಮೇಚರ್ರೂ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಇರುತ್ತೆ, ಕರೆಂಟ್ ದಿಕ್ಕು ಬದಲಾದ್ರೆ ಎರಡರಲ್ಲೂ ಒಟ್ಟಿಗೇ ಬದಲಾಗೋದ್ರಿಂದ ತಿರುಗೋ ದಿಕ್ಕು ಬದಲಾಗಲ್ಲ. ಆ ಕಾಲಕ್ಕೆ ಕಲ್ಕತ್ತಾದಂಥ ಊರಲ್ಲೂ ಮನೆಗಳಿಗೆ ಡಿಸಿ ಬರ್ತಿತ್ತು, ಹಂಗಾಗಿ ಎರಡಕ್ಕೂ ಆಗೋ ಥರ ಮಾಡ್ತಿದ್ರು. ಈಗಿನ ಮಿಕ್ಸಿ ಒಳಗಿರೋದೂ ಇದೇ ಜಾತಿ.

ಬಿಚ್ಚೋಕೆ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿದೆ. ಎರಡು ವೈರಿನ ಮಧ್ಯೆ 40 ಓಮ್ ಆಸುಪಾಸು ಬಂತು. ಶಾಫ್ಟನ್ನ ಕೈಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸ್ತಾ ಮೀಟರ್ ನೋಡ್ಬೇಕು, ಸ್ವಲ್ಪ ಆಚೀಚೆ ಆದ್ರೆ ಪರವಾಗಿಲ್ಲ, ಒಂದೇ ಜಾಗದಲ್ಲಿ ಪದೇ ಪದೇ ದಿಢೀರ್ ಅಂತ ಜಂಪ್ ಆದ್ರೆ ಅಲ್ಲಿ ಆರ್ಮೇಚರ್ ಕಾಯಿಲ್ ಕಟ್ಟಾಗಿದೆ ಅಂತ ಅರ್ಥ. ನಂದು ಸರಿಯಾಗೇ ಇತ್ತು. ಆದ್ರೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ರ 500 ವೋಲ್ಟ್ ಮೆಗ್ಗರ್‌ನಲ್ಲಿ (ಕರೆಂಟ್ ಸೋರುತ್ತಾ ಅಂತ ನೋಡೋ ಮೀಟರ್) ವೈಂಡಿಂಗ್‌ಗೂ ಬಾಡಿಗೂ ಮಧ್ಯೆ ನೋಡಿದ್ರೆ ಅರ್ಧ ಮೆಗಾಓಮೂ ಇಲ್ಲ, ಅಂದ್ರೆ ಕರೆಂಟ್ ಬಾಡಿಗೆ ಸೋರ್ತಿದೆ. "ರೀವೈಂಡ್ ಮಾಡ್ಸಿಬಿಡಿ" ಅಂದ್ರು ಅವ್ರು, ಅಂದ್ರೆ ಹಳೇ ಕಾಯಿಲ್ ಬಿಚ್ಚಿ ಹೊಸ ತಂತಿ ಸುತ್ತಿಸೋದು. ನಂಗೆ ಮನಸ್ಸು ಬರ್ಲಿಲ್ಲ, ಮಳೆಗಾಲ ಬೇರೆ, ತೇವ ಇರಬಹುದು ಅನ್ನಿಸ್ತು.

ಬಿಚ್ಚಿದೆ. ಇಲ್ಲಿ ಒಂದು ತಪ್ಪು ಮಾಡ್ದೆ, ಯಾರೂ ಮಾಡ್ಬೇಡಿ. ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಮುಚ್ಚಳ ತಿರುಗಿಸಿದ ತಕ್ಷಣ ಒಳಗಿನ ಸ್ಪ್ರಿಂಗ್ ಟಣ್ ಅಂತ ಹಾರಿ ಮಂಚದ ಕೆಳಗೆ ಹೋಯ್ತು, ಅದನ್ನ ಹುಡುಕೋ ಗಡಿಬಿಡೀಲಿ ಯಾವ ಬ್ರಷ್ ಯಾವ ಕಡೇದು, ಯಾವ ಮುಖ ಮೇಲಿತ್ತು ಅನ್ನೋದೇ ಮರೆತುಹೋಯ್ತು. ಅಷ್ಟು ವರ್ಷ ಓಡಿದ ಬ್ರಷ್ಷಿನ ತುದಿ ಕಮ್ಯುಟೇಟರ್ (ಬ್ರಷ್ಷು ಉಜ್ಜೋ ತಾಮ್ರದ ಪಟ್ಟಿಗಳ ಉರುಳೆ) ಗುಂಡಗಿರೋದಕ್ಕೆ ಸರಿಯಾಗಿ ಸವೆದಿರುತ್ತೆ, ತಿರುಗಾ ಮುರುಗಾ ಹಾಕಿದ್ರೆ ಕಿಡಿ ಹಾರುತ್ತೆ. ಆರ್ಮೇಚರ್ ಶಾಫ್ಟಿನ ಎರಡೂ ತುದೀಲಿ ತೆಳ್ಳಗಿನ ಫೈಬರ್ ವಾಷರ್‌ಗಳಿದ್ವು, ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು, ಇವನ್ನ ಮಾತ್ರ ಬುದ್ಧಿ ಬಂದು ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಂಡೆ.

ಒಳಗಡೆ ಕಾರ್ಬನ್ ಪುಡಿ ಹಳೇ ಎಣ್ಣೆ ಸೇರಿ ಡಾಂಬರ್ ಥರ ಆಗಿತ್ತು. ಕರೆಂಟ್ ಬಾಡಿಗೆ ಸೋರೋಕೆ ಈ ಪುಡೀನೇ ಸಾಕು. ಶಾಫ್ಟ್ ಕೂತು ತಿರುಗೋ ಬುಷ್ಷು, ಕವರ್ರು ಸೀಮೆಎಣ್ಣೇಲಿ ನೆನೆಸಿಟ್ಟೆ. ಕಾಯಿಲ್‌ಗೆ ಮಾತ್ರ ಒಣ ಬ್ರಷ್ಷು, ಒಣ ಬಟ್ಟೆ ಅಷ್ಟೇ. ಹಳೇ ವೈಂಡಿಂಗ್ ಮೇಲಿರೋದು ಅರಗಿನ ವಾರ್ನಿಶ್ ಆಗಿದ್ರೆ ಸ್ಪಿರಿಟ್ ತಾಗಿದ ಕೂಡ್ಲೇ ಕರಗುತ್ತೆ, ಸ್ಯಾನಿಟೈಸರ್ ಕೂಡ ಅದೇನೇ. ಆಮೇಲೆ ಒಂದು ರಟ್ಟಿನ ಡಬ್ಬದಲ್ಲಿ 60 ವ್ಯಾಟ್ ಬಲ್ಬ್ ಉರಿಸಿ, ಮೇಲೆ ಗಾಳಿಯಾಡೋಕೆ ತೂತು ಬಿಟ್ಟು, ಪಕ್ಕದಲ್ಲಿ ಕಾಯಿಲ್ಲು, ಆರ್ಮೇಚರ್ರು ಇಟ್ಟೆ. ಮೂರು ದಿನ, ಹಗಲು ಹೊತ್ತು ಮಾತ್ರ. ಮನೇಲಿ ಎಲ್ರೂ ಕೋಳಿ ಮೊಟ್ಟೆ ಮರಿ ಮಾಡಿಸ್ತಿದೀಯಾ ಅಂತ ನಕ್ಕಿದ್ದೇ ನಕ್ಕಿದ್ದು. ನಾಲ್ಕನೇ ದಿನ ಮೆಗ್ಗರ್ 20 ಮೆಗಾಓಮ್ ದಾಟ್ತು. ರೀವೈಂಡ್ ಮಾಡ್ಸಿ ಅಂದಿದ್ದವ್ರು ಏನೂ ಹೇಳ್ಲಿಲ್ಲ, ಇನ್ನೊಂದ್ಸಲ ತಿರುಗಿಸಿ ನೋಡಿದ್ರು ಅಷ್ಟೇ.

ಕಮ್ಯುಟೇಟರ್‌ಗೆ ಸಣ್ಣ ಉಪ್ಪು ಕಾಗದ ಸಾಕು, ಎಮರಿ ಬೇಡ, ಅದರ ಪುಡಿ ಕರೆಂಟ್ ಹಾಯಿಸುತ್ತೆ ಅಂತಾರೆ. ಪಟ್ಟಿಗಳ ಮಧ್ಯೆ ಕೂತಿದ್ದ ಕಪ್ಪನ್ನ ಕಡ್ಡೀಲಿ ಗೀರಿ ತೆಗೆದೆ. ಕಾರ್ಬನ್ ಬ್ರಷ್ಷು ಹೊಸದೇ ಹಾಕಿದೆ, ಅದೇ ಸೈಜ್ ಸಿಗ್ಲಿಲ್ಲ, ಸ್ವಲ್ಪ ದೊಡ್ಡದು ತಂದು ಉಜ್ಜಿ ಉಜ್ಜಿ ಕೂರಿಸಿದೆ, ಕಮ್ಯುಟೇಟರ್‌ಗೆ ಉಪ್ಪು ಕಾಗದ ಸುತ್ತಿ ಅದರ ಮೇಲೇ ತಿಕ್ಕಿದ್ರೆ ತುದಿ ಸರಿಯಾದ ಬಾಗಿಗೆ ಬರುತ್ತೆ. ವೈರಿನ ರಬ್ಬರ್ ಮುಟ್ಟಿದ್ರೆ ಪುಡಿ ಪುಡಿ ಆಗ್ತಿತ್ತು, ಕಾಯಿಲ್ ಬುಡದವರೆಗೂ ಕತ್ತರಿಸಿ ಹೊಸ ವೈರ್ ಬೆಸುಗೆ ಹಾಕಿ ಸ್ಲೀವ್ ಏರಿಸಿದೆ, ಬಾಡಿಗೆ ಅರ್ಥ್ ವೈರ್ ಕೂಡ ಕೊಟ್ಟೆ, ಮೊದಲು ಇರ್ಲೇ ಇಲ್ಲ ಅದು. ಬುಷ್ಷಿಗೆ ಮಷಿನ್ ಎಣ್ಣೆ ಒಂದೊಂದು ತೊಟ್ಟು. ಜಾಸ್ತಿ ಬಿಟ್ರೆ ಕಮ್ಯುಟೇಟರ್‌ಗೆ ಹರಿದು ಮತ್ತೆ ಅದೇ ಡಾಂಬರ್. ಮೇಲಿನ ಕಪ್ಪು ಪೇಂಟು ಮುಟ್ಲಿಲ್ಲ, ಗೀರಾಗಿದ್ರೂ ಚೆನ್ನಾಗಿದೆ.

230ನ 110 ಮಾಡೋಕೆ ಟ್ರಾನ್ಸ್‌ಫಾರ್ಮರ್ ತಗೊಂಡೆ. ಎರಡು ವೈಂಡಿಂಗೂ ಬೇರೆ ಬೇರೆ ಇರೋದೇ ಕೇಳಿ ತಗೊಳ್ಳಿ, ಆಟೋ ಟ್ರಾನ್ಸ್‌ಫಾರ್ಮರ್ ಅಂತ ಅಗ್ಗಕ್ಕೆ ಕೊಡೋದ್ರಲ್ಲಿ ಮೇನ್ಸು ನೇರವಾಗಿ ಈ ಕಡೆಗೂ ಬಂದಿರುತ್ತೆ. ಮೊದಲ ಸಲ 100 ವ್ಯಾಟಿನ ಸೀರೀಸ್ ಬಲ್ಬ್ ಇಟ್ಟೇ ಕೊಟ್ಟೆ. ಬಲ್ಬು ಪಳ್ ಅಂದು ಮಂಕಾಯ್ತು, ಮೋಟ್ರು ಗುಂಯ್ ಅಂತು! ಶಾರ್ಟ್ ಇದ್ದಿದ್ರೆ ಬಲ್ಬು ಮಂಕಾಗ್ತಾನೇ ಇರ್ಲಿಲ್ಲ. ಇನ್ನೊಂದು ವಿಷಯ, ಬೆಲ್ಟ್ ಇಲ್ದೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡ್ಬೇಡಿ, ಲೋಡ್ ಇಲ್ದಿದ್ರೆ ಈ ಜಾತಿ ಮೋಟ್ರಿನ ಸ್ಪೀಡು ತುಂಬಾ ಏರಿಬಿಡುತ್ತೆ.

ಪೆಡಲ್ ಒಳಗೆ ಕಾರ್ಬನ್ ಬಿಲ್ಲೆಗಳ ಸಾಲು, ಒತ್ತಿದಷ್ಟೂ ಅವು ಬಿಗಿಯಾಗಿ ಕರೆಂಟ್ ಜಾಸ್ತಿ ಬಿಡುತ್ತೆ. ಅದರಲ್ಲಿ ಎರಡು ಬಿಲ್ಲೆ ಚೂರಾಗಿತ್ತು, ಸದ್ಯಕ್ಕೆ ಅಷ್ಟೇ ದಪ್ಪದ ಹಿತ್ತಾಳೆ ಬಿಲ್ಲೆ ಕಡಿಸಿ ಹಾಕಿದೀನಿ. ಅಮ್ಮನ ಹಳೇ ಮಷಿನ್‌ಗೆ ಕಟ್ಟಿಕೊಟ್ಟೆ, ಒಂದು ಸೀರೆಗೆ ಫಾಲ್ಸ್ ಹಾಕಿದ್ರು. "ಓಡೋದು ಸರಿ ಕಣೋ, ನಿಧಾನಕ್ಕೆ ಹೋಗು ಅಂದ್ರೆ ಕೇಳಲ್ಲ ಇದು" ಅಂದ್ರು. ಹಿತ್ತಾಳೆ ಬಿಲ್ಲೆದೇ ಸಮಸ್ಯೆ, ತೆಗೆದು ಕಾರ್ಬನ್ನೇ ಹಾಕ್ಬೇಕು.