ಗಾಡಿ ಹೀಟ್ ಆದರೆ ಮೊದಲು ಧೂಳು ನೋಡಿ

ಶಹಾಬಾದಿನಿಂದ ಫರಸಿ ಕಲ್ಲು, ವಾಡಿಯಿಂದ ಸಿಮೆಂಟ್. ಹದಿನೆಂಟು ವರ್ಷದಿಂದ ನನ್ನ ಲಾರಿಗೆ ಇದೇ ಲೋಡು. ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು 42 ಡಿಗ್ರಿ ದಾಟುತ್ತದೆ. ಹಾಗಂತ ಬಿಸಿಲನ್ನು ಬೈಯಬೇಡಿ, ಸರಿ ಇರುವ ಇಂಜಿನ್ ಅದನ್ನೂ ತಡೆಯುತ್ತದೆ.

ಹೀಟ್ ಮೀಟರಿನ ಸೂಜಿ ಕೆಂಪಿನ ಹತ್ತಿರ ಬಂತಾ, ಗಾಡಿ ಪಕ್ಕಕ್ಕೆ ಹಾಕಿ. ಹಬೆ ಬರುತ್ತಿದ್ದರೆ ಅಥವಾ ನೀರು ಸೋರುತ್ತಿದ್ದರೆ ಇಂಜಿನ್ ಕೂಡಲೇ ಬಂದ್. ಇಲ್ಲದಿದ್ದರೆ ಎರಡು ನಿಮಿಷ ಐಡಲ್‌ನಲ್ಲಿ ಬಿಡಿ, ಇಂಜಿನ್‌ಗೆ ಗಾಳಿ ತುಂಬುವ ಟರ್ಬೋ ತಣಿಯಲಿ. ಇಂಜಿನ್ ನೀರು ತಣಿಸುವ ಜಾಲರಿ ಪೆಟ್ಟಿಗೆ, ಅಂದರೆ ರೇಡಿಯೇಟರ್, ಅದರ ಮುಚ್ಚಳಕ್ಕೆ ಮಾತ್ರ ಕೈ ಹಚ್ಚಬೇಡಿ. ಒಳಗಿನ ಒತ್ತಡಕ್ಕೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲಾದರೆ ಸೀದಾ ಮುಖಕ್ಕೆ. ನಮ್ಮ ಕ್ಲೀನರ್ ಹುಡುಗನ ಮೊಣಕೈಯಲ್ಲಿ ಇನ್ನೂ ಕಲೆ ಇದೆ. ಪೂರ್ತಿ ತಣಿಯುವ ತನಕ ಚಹಾ ಕುಡಿಯಿರಿ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಅದರ ಮೇಲ್ಭಾಗ, ಅಂದರೆ ಹೆಡ್, ಸೀಳಬಹುದು.

ಊರೊಳಗೆ ನಿಂತಾಗ ಹೀಟ್, ರೋಡಿಗೆ ಬಿದ್ದರೆ ಸರಿ ಅಂದರೆ ಫ್ಯಾನ್ ಅಥವಾ ಬೆಲ್ಟ್ ನೋಡಿ. ಖಾಲಿ ಇದ್ದಾಗ ಸರಿ, ಲೋಡ್ ಹಾಕಿ ಚಡಾವ ಹತ್ತುವಾಗ ಹೀಟ್ ಅಂದರೆ ರೇಡಿಯೇಟರ್ ಮೇಲೆ ಅನುಮಾನ ಪಡಿ.

ನಾನು ಪಡಲಿಲ್ಲ. ವಾಟರ್ ಪಂಪ್ ಬದಲಿಸಿದೆ, ನೀರು ಕಾದಾಗ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬದಲಿಸಿದೆ. ಕೊನೆಗೆ ಒಬ್ಬ ಮುದುಕ ಮಿಸ್ತ್ರಿ, ರೇಡಿಯೇಟರ್ ಮುಂದೆ ಕೂತು ಟರ್ಬೋ ಗಾಳಿ ತಣಿಸುವ ಇಂಟರ್‌ಕೂಲರ್ ಬಿಚ್ಚಿಸಿದರು. ಅದಕ್ಕೂ ರೇಡಿಯೇಟರಿಗೂ ನಡುವೆ ಸಿಮೆಂಟ್ ಧೂಳು, ತೊಗರಿ ಹೊಟ್ಟು ಸೇರಿ ಕಂಬಳಿ ಹಾಸಿದ ಹಾಗೆ ಕೂತಿತ್ತು! ಮುಂದಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಪ್ರೆಶರ್ ನೀರು ಹತ್ತಿರದಿಂದ ಬಿಟ್ಟರೆ ಜಾಲರಿ ಮಡಚುತ್ತದೆ.

ಒಳಗಿನ ಕಥೆ ಬೇರೆ. ನಮ್ಮದು ಸುಣ್ಣಕಲ್ಲಿನ ನೆಲ, ಬೋರ್ ನೀರು ಗಡಸು. ಚಹಾ ಬೋಗೋಣಿಯ ತಳದಲ್ಲಿ ಕೂರುವ ಬಿಳಿ ಪದರವೇ ರೇಡಿಯೇಟರ್ ಕೊಳವೆಯಲ್ಲೂ ಕೂರುತ್ತದೆ. ಬೋರ್ ನೀರಿನ ಬದಲು ಕೂಲೆಂಟ್ (ರೇಡಿಯೇಟರಿಗೆ ಅಂತಲೇ ಸಿಗುವ ದ್ರವ), ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ.

ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಅನ್ನುವವರು ಜಾಸ್ತಿ. ಕೇಳಬೇಡಿ. ಎಷ್ಟೋ ಇಂಜಿನ್‌ಗಳಲ್ಲಿ ಆಗ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಅನುಮಾನ ಇದ್ದರೆ ದಾರಕ್ಕೆ ಕಟ್ಟಿ ಬಿಸಿನೀರಿಗೆ ಇಳಿಬಿಡಿ. ಅದರ ಮೇಲೆ ಬರೆದ ಡಿಗ್ರಿಯ ಆಸುಪಾಸು ಬಾಯಿ ತೆರೆಯಬೇಕು.

ಇಷ್ಟಾದರೂ ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಹಾಲಿನ ಚಹಾದ ಹಾಗೆ ಕಂಡರೆ, ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹೋಗಿರಬಹುದು. ಆ ಗಾಡಿಯನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ.